ಬಾಡಿಗೆ ಮನೆಯಲ್ಲಿ ನಿದ್ದೆ ಬರುತ್ತಾ?

ಊರಿಗೆ ಹೋದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಕಾದಿರುತ್ತೆ. ಬಸ್ ಇಳಿದು ಟೀ ಅಂಗಡಿ ದಾಟುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, "ಬೆಂಗ್ಳೂರಲ್ಲಿ ಮನೆ ಮಾಡ್ಕೊಂಡ್ಯಾ?" ಮನೆ ಮಾಡ್ಕೊಳ್ಳೋದು ಅಂದ್ರೆ ಅವರ ಅರ್ಥದಲ್ಲಿ ಕೊಂಡುಕೊಳ್ಳೋದು. "ಇಲ್ಲ ಮಾವ, ಬಾಡಿಗೆ ಮನೇನೇ" ಅಂತೀನಿ. ಅವರು ಟೀ ಗ್ಲಾಸ್ ನೋಡಿಕೊಂಡು "ಆಗ್ಲಿ ಬುಡು" ಅಂತಾರೆ. ಆ "ಆಗ್ಲಿ ಬುಡು" ಕೇಳಿಸಿಕೊಂಡು ಮನೆವರೆಗೆ ನಡೆಯೋದೇ ಕಷ್ಟ.

ಆದರೆ ನಮ್ಮ ಅಜ್ಜಿ ಕೇಳೋದು ಬೇರೆ. ಹೋದ ವರ್ಷ ದೀಪಾವಳಿಗೆ ಹೋದಾಗ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ತಾ ಕೇಳಿದಳು: "ಅಲ್ಲ ಕನ ಮಗ, ಬಾಡ್ಗ ಮನಲಿ ನಿನ್ಗ ನಿದ್ದ ಬತ್ತದಾ?"

ನಾನು ನಕ್ಕೆ. ಅಜ್ಜಿ ನಗಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ಬರಹ ಬರೆಯುತ್ತಿದ್ದೇನೆ. ನಿಮ್ಮಲ್ಲೂ ಅನೇಕರು ನನ್ನ ಹಾಗೇ ಯಾವುದೋ ಊರಿಂದ ಬಂದು, ಕಡಿಮೆ ಬಾಡಿಗೆಯ ಯಾವುದೋ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಕೂತು ಫೋನಲ್ಲಿ ಇದನ್ನು ಓದುತ್ತಿರಬಹುದು.

ನಮ್ಮ ಸೀಮೆ

ನಮ್ಮೂರು ಉಡಿಗಾಲ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಸೀಮೆ. ಬೆಂಗಳೂರಿನ ಗೆಳೆಯರಿಗೆ ಈ ಹೆಸರು ಹೇಳಿದರೆ "ಎಲ್ಲಿ ಬರುತ್ತೆ ಅದು?" ಅಂತಾರೆ. ಚಾಮರಾಜನಗರ ಅಂದ್ರೆ "ಓ, ಸಿಎಂ ಹೋದ್ರೆ ಕುರ್ಚಿ ಹೋಗುತ್ತೆ ಅಂತಾರಲ್ಲ ಅದಾ?" ಅಂತಾರೆ. ಆ ಮೂಢನಂಬಿಕೆಗೆ ಹೆದರಿ ವರ್ಷಗಟ್ಟಲೆ ಮುಖ್ಯಮಂತ್ರಿಗಳು ಈ ಊರಿನ ಕಡೆ ತಲೆ ಹಾಕದೇ ಇದ್ದದ್ದು ನಿಜ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಆ ಕಥೆಯ ಗಾಳಿ ತೆಗೆದರು. ಆದರೂ ನಮ್ಮ ಜಿಲ್ಲೆ ಅಂದ್ರೆ ಜನಕ್ಕೆ ನೆನಪಾಗೋದು ಅದೊಂದೇ.

ಗುಂಡ್ಲುಪೇಟೆ ಅಂದ್ರೆ ಮಾತ್ರ ಮುಖ ಅರಳುತ್ತೆ. ಬಂಡೀಪುರ, ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಮುಂಗಾರಿನಲ್ಲಿ ರಸ್ತೆ ಪಕ್ಕ ಅರಳುವ ಚೆಂಡುಹೂವು, ಸೂರ್ಯಕಾಂತಿ. ಕೇರಳದಿಂದ, ಬೆಂಗಳೂರಿಂದ ಕಾರುಗಳು ಬಂದು ಹೊಲದ ಅಂಚಲ್ಲಿ ಸಾಲಾಗಿ ನಿಲ್ಲುತ್ತವೆ. ಫೋಟೋ ತೆಗೆದುಕೊಂಡು ರಾತ್ರಿ ಒಂಬತ್ತರೊಳಗೆ ಕಾಡು ದಾಟಬೇಕು. 2009ರಿಂದ ಬಂಡೀಪುರದ ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡೋದಿಲ್ಲ.

ನಾನು ಊರಿಗೆ ಹೋಗೋದು ರೈಲಿನಲ್ಲಿ. ಮೈಸೂರಲ್ಲಿ ಇಳಿದು ಚಾಮರಾಜನಗರದ ಗಾಡಿ ಹತ್ತಿದರೆ ನಂಜನಗೂಡು, ಕವಲಂದೆ, ಬದನಗುಪ್ಪೆ. ಚಾಮರಾಜನಗರಕ್ಕೆ ಹಳಿ ಮುಗಿಯುತ್ತೆ. ಮುಂದೆ ರೈಲು ಇಲ್ಲ. ಅಲ್ಲಿಂದ ಬಸ್ಸು. ಬಾಳೆ ತೋಟ, ಅರಿಶಿನದ ಹೊಲ, ಈರುಳ್ಳಿ, ನಡುನಡುವೆ ಮಳೆ ಕಾಯುತ್ತಾ ಕೂತ ಖಾಲಿ ಹೊಲ. ಪಶ್ಚಿಮ ಘಟ್ಟ ಮಳೆಯನ್ನೆಲ್ಲ ಆಚೆ ಕಡೆಯೇ ಸುರಿಸಿಕೊಂಡು ನಮಗೆ ಮೋಡ ಮಾತ್ರ ಕಳಿಸುತ್ತೆ. ಕಬಿನಿ ನೀರನ್ನು ಪೈಪಲ್ಲಿ ತಂದು ಈ ಕಡೆಯ ಕೆರೆಗಳಿಗೆ ತುಂಬಿಸಲು ಶುರು ಮಾಡಿದ ಮೇಲೆ ಬೋರ್‌ವೆಲ್‌ಗಳಿಗೆ ಸ್ವಲ್ಪ ಜೀವ ಬಂದಿದೆ ಅಂತ ಅಪ್ಪ ಹೇಳುತ್ತಾರೆ.

ನಮ್ಮದು ಎರಡು ಎಕರೆ. ತಾತ ಕೂಲಿ ಮಾಡಿ, ಒಂದೊಂದೇ ರೂಪಾಯಿ ಕೂಡಿಸಿ ಕೊಂಡದ್ದು. ಅರ್ಧ ಬಾಳೆ, ಅರ್ಧ ಅರಿಶಿನ. ಅರಿಶಿನ ಅಂದ್ರೆ ಹುಡುಗಾಟ ಅಲ್ಲ. ಮೇ, ಜೂನ್‌ನಲ್ಲಿ ನೆಟ್ಟರೆ ಕೀಳೋದು ಸಂಕ್ರಾಂತಿ ಕಳೆದ ಮೇಲೆ. ಕಿತ್ತು, ಬೇಯಿಸಿ, ಒಣಗಿಸಿ, ಪಾಲಿಷ್ ಮಾಡಿಸಿ, ಆಮೇಲೆ ಚಾಮರಾಜನಗರದ ಮಾರುಕಟ್ಟೆಗೋ, ರೇಟು ಚೆನ್ನಾಗಿದ್ದರೆ ತಮಿಳುನಾಡಿನ ಈರೋಡಿಗೋ. ನನ್ನ ಇಂಜಿನಿಯರಿಂಗ್ ಫೀಸು ಬಂದದ್ದು ಆ ಹೊಲದಿಂದ. ಓದಿದ್ದು ಚಾಮರಾಜನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಮನೆಯಿಂದಲೇ ದಿನಾ ಬಸ್ಸಲ್ಲಿ ಓಡಾಡಿಕೊಂಡು. ಹಾಗಾಗಿ ಇಪ್ಪತ್ತೆರಡು ವರ್ಷ ತುಂಬುವವರೆಗೆ ಬಾಡಿಗೆ ಅನ್ನೋ ಪದಕ್ಕೂ ನನಗೂ ಸಂಬಂಧ ಇರಲಿಲ್ಲ.

ಮನೆದೇವರು ಯಾರು?

ಬೆಂಗಳೂರಿಗೆ ಬಂದ ಮೊದಲ ಕೆಲವು ವರ್ಷ ಪಿಜಿಯಲ್ಲಿ ಕಳೆದವು. ಒಂದು ರೂಮಲ್ಲಿ ಮೂರು ಜನ, ಬೆಳಿಗ್ಗೆ ಬಾತ್‌ರೂಮಿಗೆ ಕ್ಯೂ, ವಾರಕ್ಕೆ ಮೂರು ಸಲ ಅದೇ ಉಪ್ಪಿಟ್ಟು. 2021ರಲ್ಲಿ ತಂಗಿಗೆ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳನ್ನು ಬೇರೆ ಪಿಜಿಗೆ ಕಳಿಸುವ ಬದಲು ಇಬ್ಬರೂ ಒಂದು ಮನೆ ಮಾಡೋಣ ಅಂದುಕೊಂಡೆವು. ಭಾನುವಾರ ಬಂದರೆ ಟು-ಲೆಟ್ ಬೋರ್ಡು ನೋಡಿಕೊಂಡು ಬೀದಿ ಬೀದಿ ಸುತ್ತೋದು.

ಎಲ್ಲರಿಗೂ ಗೊತ್ತಿರುವ ಪ್ರಶ್ನೆಗಳು ಬಂದವು. "ಬ್ಯಾಚುಲರ್ರಾ?" "ತಂಗಿ ಅಂತೀರ, ಆಧಾರ್ ತೋರಿಸಿ." "ವೆಜ್ಜಾ, ನಾನ್‌ವೆಜ್ಜಾ?" ಕೆಲವರು ನೇರವಾಗಿ "ನೀವು ಯಾವ ಜನ?" ಅಂತಲೇ ಕೇಳಿದರು. ಕೆಲವರಿಗೆ ನೇರ ಕೇಳೋಕೆ ನಾಚಿಕೆ, ಅವರು ಸುತ್ತಿ ಬಳಸಿ ಬರುತ್ತಾರೆ.

ಒಬ್ಬರು ವಯಸ್ಸಾದ ಅಮ್ಮ ಇದ್ದರು. ಮನೆ ಬಹಳ ಚೆನ್ನಾಗಿತ್ತು. ಮುಂದೆ ಒಂದು ಸಂಪಿಗೆ ಮರ, ಬಿಸಿಲು ಬೀಳುವ ಅಡುಗೆಮನೆ. ತಂಗಿಗೆ ಮಜ್ಜಿಗೆ ಕೊಟ್ಟು ಕೂರಿಸಿ ಮಾತಾಡಿಸಿದರು. "ಚಾಮರಾಜನಗರದ ಕಡೆಯವರಾ? ನಿಮ್ಮನೆ ದೇವರು ಯಾವುದಮ್ಮಾ?" ತಂಗಿ ಖುಷಿಯಿಂದ "ಚಿಕ್ಕಲ್ಲೂರು ಸಿದ್ದಪ್ಪಾಜಿ" ಅಂದಳು. ಅಮ್ಮ "ಹೌದಾ" ಅಂದರು. ಇನ್ನೂ ಎರಡು ಪ್ರಶ್ನೆ ಕೇಳಿದರು. ಟೋಕನ್ ಅಡ್ವಾನ್ಸ್ ನಾಳೆ ಕೊಡಿ ಅಂದರು. ಸಂಜೆ ಏಳಕ್ಕೆ ಫೋನು ಬಂತು. "ಬೇಜಾರು ಮಾಡ್ಕೋಬೇಡಪ್ಪ, ನಮ್ಮ ನೆಂಟರ ಹುಡುಗ ಬರ್ತಾನಂತೆ."

ಆ ನೆಂಟರ ಹುಡುಗ ಒಂದೂವರೆ ತಿಂಗಳಾದರೂ ಬರಲಿಲ್ಲ. ಬೋರ್ಡು ಅಲ್ಲೇ ನೇತಾಡುತ್ತಿತ್ತು. ನಾನು ಅದೇ ದಾರಿಯಲ್ಲಿ ಬಸ್ಸಲ್ಲಿ ಹೋಗುತ್ತಿದ್ದೆ, ದಿನಾ ನೋಡುತ್ತಿದ್ದೆ.

ನಮ್ಮ ಮನೆ ಇರೋದು ಊರಿನ ದಲಿತರ ಬೀದಿಯಲ್ಲಿ. ಹಳ್ಳಿಯಲ್ಲಿ ಯಾವ ಬೀದಿ ಅಂತ ಹೇಳಿದರೆ ಉಳಿದದ್ದು ಯಾರೂ ಕೇಳಬೇಕಾಗಿಲ್ಲ. ಬೆಂಗಳೂರಲ್ಲಿ ಬೀದಿ ಗೊತ್ತಿಲ್ಲವಲ್ಲ, ಅದಕ್ಕೆ ದೇವರನ್ನು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ವಿದೇಶದಲ್ಲಿ ಓದಿ ಬಂದ ಅಂಬೇಡ್ಕರರಿಗೆ ಬರೋಡದಲ್ಲಿ ಇರೋಕೆ ಜಾಗ ಸಿಗಲಿಲ್ಲ. ಪಾರ್ಸಿ ಛತ್ರದಿಂದ ಹೊರಗೆ ಹಾಕಿಸಿಕೊಂಡು ಅಲ್ಲಿನ ಒಂದು ಉದ್ಯಾನದಲ್ಲಿ ಕೂತಿದ್ದರು ಅಂತ ಕಾಲೇಜಿನ ದಿನಗಳಲ್ಲಿ ಓದಿದ್ದೆ. ಆಗ ಅದು ಇತಿಹಾಸ ಅನ್ನಿಸಿತ್ತು. ಆ ಸಂಜೆ ತಂಗಿ ಫೋನ್ ಇಟ್ಟು "ಮಜ್ಜಿಗೆ ಕುಡಿಬಾರದಿತ್ತು ಅಣ್ಣ" ಅಂದಾಗ ಹಾಗೆ ಅನ್ನಿಸಲಿಲ್ಲ.

ಕೇಳದ ಮನೆ

ಕೊನೆಗೆ ಸಿಕ್ಕಿದ್ದು ಹೊಸೂರು ರಸ್ತೆಯ ಕೂಡ್ಲು ಗೇಟ್ ಕಡೆಯ ಒಂದು ಬಜೆಟ್ ಅಪಾರ್ಟ್‌ಮೆಂಟು. ಬಜೆಟ್ ಅಂದ್ರೆ ಈಜುಕೊಳ, ಜಿಮ್ ಇರುವ ಸೊಸೈಟಿ ಅಲ್ಲ. 30-40 ಸೈಟಿನಲ್ಲಿ ಐದು ಮಹಡಿ ಎಬ್ಬಿಸಿ, ಮಹಡಿಗೆ ಮೂರು ಮನೆ ಮಾಡಿರುವ ಕಟ್ಟಡ. ಒಂದು ರೂಮು, ಒಂದು ಹಾಲು, ಇಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ. ರೂಮು ತಂಗಿಗೆ, ಹಾಲು ನನಗೆ. ಬಾಡಿಗೆ 12,000, ಮೇಂಟೆನೆನ್ಸ್ ಬೇರೆ, ಅಡ್ವಾನ್ಸ್ ಒಂದು ಲಕ್ಷ.

ಕಟ್ಟಡ ನೋಡಿಕೊಳ್ಳುವ ಮ್ಯಾನೇಜರ್ ಆಧಾರ್ ನೋಡಿದ, ಕಂಪನಿ ಐಡಿ ನೋಡಿದ, ದುಡ್ಡು ಯಾವಾಗ ಹಾಕ್ತೀರ ಅಂದ. ನಾನೇ ಬಾಯಿಬಿಟ್ಟು ಕೇಳಿದೆ, "ನಾನ್‌ವೆಜ್ ಮಾಡಬಹುದಾ?"

"ಹಸಿ ಕಸ, ಒಣ ಕಸ ಬೇರೆ ಮಾಡಿ ಹಾಕಿ ಸಾರ್. ಅಷ್ಟು ಸಾಕು."

ಕಡಿಮೆ ಬಾಡಿಗೆ ಮನೆಯ ಅನುಕೂಲಗಳೇನು ಅಂತ ಯಾರಾದರೂ ನನ್ನನ್ನು ಕೇಳಿದರೆ ಮೊದಲನೆಯದು ಇದು. ನಮ್ಮ ಮಹಡಿಯಲ್ಲಿ ಒಂದು ಕಡೆ ಒಡಿಶಾದ ದಂಪತಿ, ಇನ್ನೊಂದು ಕಡೆ ಕಲಬುರಗಿಯ ಮೂವರು ಹುಡುಗರು. ಯಾರ ಮನೆಯಲ್ಲಿ ಏನು ಬೇಯುತ್ತೆ ಅಂತ ಎಲ್ಲರಿಗೂ ವಾಸನೆಯಲ್ಲೇ ಗೊತ್ತು, ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋದಿಲ್ಲ. ಮಾಲೀಕರು ದೂರದಲ್ಲಿದ್ದಾರೆ, ಅವರಿಗೆ ಬೇಕಿರೋದು ಐದನೇ ತಾರೀಕಿನೊಳಗೆ ಬಾಡಿಗೆ. ಇದು ದೊಡ್ಡ ಮನಸ್ಸು ಅಂತ ನಾನು ಹೇಳೋದಿಲ್ಲ, ವ್ಯಾಪಾರ. ಆದರೆ ಕೆಲವು ಸಲ ವ್ಯಾಪಾರವೇ ನಮ್ಮಂಥವರಿಗೆ ಉಸಿರಾಡೋಕೆ ಜಾಗ ಕೊಡುತ್ತೆ.

ಆ ಒಂದು ಲಕ್ಷದಲ್ಲಿ ಅರವತ್ತು ಸಾವಿರ ಅಪ್ಪ ಕೊಟ್ಟದ್ದು. ಆ ವರ್ಷದ ಅರಿಶಿನದ ದುಡ್ಡು. ಬಸ್‌ಸ್ಟ್ಯಾಂಡಲ್ಲಿ ಕವರ್ ಕೊಡುತ್ತಾ "ಇದು ವಾಪಸ್ ಬತ್ತದ ಅಲ್ವಾ?" ಅಂತ ಒಂದೇ ಸಲ ಕೇಳಿದ್ದರು.

ಬಿಸಿಲು ಬಾರದ ಅಡುಗೆಮನೆ

ಇನ್ನು ಅನಾನುಕೂಲ. ಅದಕ್ಕೇನು ಬರ ಇಲ್ಲ.

ಮೊದಲನೆಯದು ಬೆಳಕು. ಪಕ್ಕದ ಕಟ್ಟಡ ಕೈ ಚಾಚಿದರೆ ಸಿಗುತ್ತೆ. ಹಗಲು ಹನ್ನೆರಡು ಗಂಟೆಗೂ ಅಡುಗೆಮನೆಗೆ ಲೈಟ್ ಹಾಕಬೇಕು. ಅವ್ವ ಊರಿಂದ ಕಳಿಸಿದ ಹಪ್ಪಳ, ಮೆಣಸಿನಕಾಯಿ ಒಣಗಿಸೋಕೆ ಟೆರೇಸಿಗೆ ಹೋದರೆ ಬೀಗ. ಟೆರೇಸು ಬಾಡಿಗೆದಾರರಿಗಲ್ಲ ಅಂತ ಚೀಟಿ ಅಂಟಿಸಿದ್ದಾರೆ. ಒಗೆದ ಬಟ್ಟೆ ಮಳೆಗಾಲದಲ್ಲಿ ಮೂರು ದಿನ ಮನೆಯೊಳಗೇ ನೇತಾಡುತ್ತೆ.

ಎರಡನೆಯದು ಸದ್ದು. ಬಾತ್‌ರೂಮ್ ಕಿಟಕಿಗಳೆಲ್ಲ ಒಂದೇ ಡಕ್ಟಿಗೆ ತೆರೆಯುತ್ತವೆ. ಮೇಲಿನ ಮನೆಯವರು ಫೋನಲ್ಲಿ ಜಗಳ ಆಡಿದರೆ ನಮಗೆ ಧಾರಾವಾಹಿ. ತಂಗಿಗೆ ನೈಟ್ ಡ್ಯೂಟಿ ಇರುವ ವಾರ ಹಗಲು ನಿದ್ದೆ ಅಂದ್ರೆ ಹೋರಾಟ. ಲಿಫ್ಟ್ ಇದೆ, ಅದಕ್ಕೆ ಮನಸ್ಸು ಬಂದ ದಿನ ಓಡುತ್ತೆ. ಊರಿಂದ ಅಕ್ಕಿ ಮೂಟೆ ತಂದ ದಿನ ಅದಕ್ಕೆ ಮನಸ್ಸು ಬರೋದಿಲ್ಲ.

ಮೂರನೆಯದು ನೀರು. 2024ರ ಫೆಬ್ರವರಿ, ಮಾರ್ಚ್ ನೆನಪಿದೆಯಲ್ಲ? ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ನಗರದ ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಿತು. ಟ್ಯಾಂಕರ್ ದರಕ್ಕೆ ಮಿತಿ ಹಾಕಬೇಕಾಯಿತು. ನಮ್ಮ ಕಟ್ಟಡಕ್ಕೆ ಕಾವೇರಿ ಕನೆಕ್ಷನ್ ಇರಲಿಲ್ಲ, ಇದ್ದದ್ದು ಬೋರು ಮಾತ್ರ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನೀರು. ಟ್ಯಾಂಕರ್ ಖರ್ಚನ್ನು ಮನೆಮನೆಗೆ ಹಂಚಿದರು. ಆ ತಿಂಗಳು ಅಪ್ಪನಿಗೆ ಫೋನ್ ಮಾಡಿದಾಗ ಅವರು ಬಾಳೆಗೆ ನೀರು ಸಾಲದು ಅಂತ ಹೇಳುತ್ತಿದ್ದರು, ನಾನು ಸ್ನಾನಕ್ಕೆ ಸಾಲದು ಅಂತ ಹೇಳುತ್ತಿದ್ದೆ. ಇಬ್ಬರೂ ಮೋಡದ ವಿಷಯವೇ ಮಾತಾಡಿದೆವು.

ಆದರೆ ಅದೇ ತಿಂಗಳು ಕಟ್ಟಡದ ಜನ ಮೊದಲ ಸಲ ಒಬ್ಬರಿಗೊಬ್ಬರು ಪರಿಚಯವಾದರು. ನೀರು ಬಿಟ್ಟ ತಕ್ಷಣ ಕಲಬುರಗಿ ಹುಡುಗರು ಬಾಗಿಲು ತಟ್ಟಿ ಹೇಳುವರು. ಒಡಿಶಾದ ಅಕ್ಕ ಕೆಲಸಕ್ಕೆ ಹೋದಾಗ ಅವರ ಡ್ರಮ್ಮನ್ನು ತಂಗಿ ತುಂಬಿಸಿಡುವಳು. ಊರಿನ ಬೋರ್‌ವೆಲ್ ಹತ್ತಿರ ಕೊಡಪಾನ ಇಟ್ಟುಕೊಂಡು ಮಾತಾಡುವ ಹೆಂಗಸರ ನೆನಪಾಯಿತು ನನಗೆ.

ಸಹಿ ಹಾಕುವ ಮುಂಚೆ

ಈ ವರ್ಷಗಳಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಹೇಳಿಬಿಡುತ್ತೇನೆ. ಹೊಸದಾಗಿ ಮನೆ ಹುಡುಕುವವರಿಗೆ ಉಪಯೋಗ ಆಗಬಹುದು.

ಮನೆ ನೋಡೋಕೆ ಭಾನುವಾರ ಮಧ್ಯಾಹ್ನ ಹೋಗಬೇಡಿ. ವಾರದ ದಿನ ಬೆಳಿಗ್ಗೆ ಏಳೂವರೆಗೆ ಹೋಗಿ. ನೀರಿನ ಒತ್ತಡ, ಲಿಫ್ಟು, ಪಾರ್ಕಿಂಗ್ ಜಗಳ ಎಲ್ಲ ಒಂದೇ ಸಲ ಗೊತ್ತಾಗುತ್ತೆ. ಮ್ಯಾನೇಜರನ್ನು ಕೇಳುವ ಬದಲು ಪಕ್ಕದ ಮನೆಯವರನ್ನು ಕೇಳಿ: ಬೇಸಿಗೆಯಲ್ಲಿ ನೀರು ಹೇಗೆ?

ಕರೆಂಟ್ ಮೀಟರ್ ನಿಮ್ಮ ಮನೆಗೆ ಪ್ರತ್ಯೇಕವಾಗಿದೆಯಾ, ಅದಕ್ಕೆ ಸ್ವಂತ ಆರ್‌ಆರ್ ನಂಬರ್ ಇದೆಯಾ ನೋಡಿ. 2023ರಲ್ಲಿ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತೆ, ಆದರೆ ಅದು ಮೀಟರಿಗೆ ಅಂಟಿಕೊಂಡ ಯೋಜನೆ. ಒಳಗೆ ಸಬ್-ಮೀಟರ್ ಹಾಕಿ ಯೂನಿಟ್ಟಿಗೆ ಇಷ್ಟು ಅಂತ ವಸೂಲಿ ಮಾಡುವ ಕಟ್ಟಡವಾದರೆ ಆ ಅನುಕೂಲ ನಿಮಗೆ ಮುಟ್ಟೋದಿಲ್ಲ.

ಅಗ್ರಿಮೆಂಟ್ ಹನ್ನೊಂದು ತಿಂಗಳಿಗೆ ಯಾಕೆ ಅಂತ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ ಹನ್ನೊಂದು. ಅದಕ್ಕೇ ಪ್ರತಿ ಹನ್ನೊಂದು ತಿಂಗಳಿಗೂ ಬಾಡಿಗೆ ಏರಿಸುವ ಮಾತು ಬರುತ್ತೆ. ಎಷ್ಟು ಏರಿಸಬಹುದು ಅಂತ ಮೊದಲೇ ಬರೆಸಿಕೊಳ್ಳಿ.

ಅಡ್ವಾನ್ಸ್ ವಿಷಯ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಜಾರಿ. ಹಾಗಾಗಿ ಚೌಕಾಸಿ ನಮ್ಮ ಕೈಯಲ್ಲೇ ಇದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನೋದು ಅಗ್ರಿಮೆಂಟಲ್ಲಿ ಇರಲಿ. ಮನೆಗೆ ಸೇರಿದ ದಿನವೇ ಗೋಡೆ, ಕಿಟಕಿ, ಸಿಂಕು, ಒಡೆದ ಟೈಲ್ಸು ಎಲ್ಲದರ ಫೋಟೋ ತೆಗೆದು ಓನರಿಗೆ ವಾಟ್ಸಾಪ್ ಮಾಡಿಬಿಡಿ. ಆ ಮೆಸೇಜೇ ನಿಮ್ಮ ಸಾಕ್ಷಿ.

ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ಎಚ್‌ಆರ್‌ಎ ವಿನಾಯಿತಿ ಕೇಳುವವರು, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್ ಪ್ಯಾನ್ ಕೊಡಬೇಕಾಗುತ್ತೆ. ಕೊಡ್ತಾರಾ ಅಂತ ಮೊದಲೇ ಕೇಳಿ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ.

ಅರ್ಧ ಎಕರೆಯ ಮಾತು

2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಶುರುವಾಯಿತು. ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರದವರೆಗೆ, ನಮ್ಮ ಕೂಡ್ಲು ಗೇಟಿಗೂ ಒಂದು ಸ್ಟೇಷನ್. ಸಿಲ್ಕ್ ಬೋರ್ಡ್ ನರಕ ತಪ್ಪಿತು ಅಂತ ಖುಷಿ ಪಡುವಷ್ಟರಲ್ಲಿ ಓನರ್ ಫೋನ್ ಬಂತು: ಮೆಟ್ರೋ ಬಂದಿದೆ, ಹದಿನಾರು ಸಾವಿರ ಮಾಡಿ. ವರ್ಷ ವರ್ಷ ಏರಿ ಆಗಲೇ ಹದಿನಾಲ್ಕರ ಹತ್ತಿರ ಇತ್ತು. ಎಳೆದಾಡಿ ಹದಿನೈದಕ್ಕೆ ನಿಂತಿತು.

ಇದನ್ನು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. ದೀಪಾವಳಿಗೆ ಹೋದಾಗ ರಾತ್ರಿ ಊಟ ಆದ ಮೇಲೆ ಅವರು ತಲೆ ತಗ್ಗಿಸಿಕೊಂಡೇ ಹೇಳಿದರು: "ರಸ್ತೆ ಪಕ್ಕದ ಅರ್ಧ ಎಕರೆ ಮಾರ್ಬುಡಾವ. ಪಾರ್ಟಿ ಬಂದವ್ರ. ಹದಿನೈದು ಲಕ್ಷ ಕೊಡ್ತರ. ನೀನು ಅಲ್ಲೇ ಒಂದು ಮನ ತಕೊ."

ಅವ್ವ ಏನೂ ಮಾತಾಡಲಿಲ್ಲ. ಪಾತ್ರೆ ಎತ್ತಿಕೊಂಡು ಹೊರಗೆ ಹೋದಳು.

ನಿಜ ಹೇಳಬೇಕೆಂದರೆ ನನಗೆ ಆಸೆ ಆಯಿತು. ಆ ಟೀ ಅಂಗಡಿಯ "ಆಗ್ಲಿ ಬುಡು" ನಿಂತುಹೋಗುತ್ತೆ. ಯಾರೂ ನೆಂಟರ ಹುಡುಗನ ಕಥೆ ಹೇಳೋದಿಲ್ಲ. ಟೆರೇಸಿನ ಬೀಗದ ಕೈ ನಮ್ಮ ಹತ್ತಿರವೂ ಒಂದು ಇರುತ್ತೆ. ರಾತ್ರಿ ಜಗಲಿಯಲ್ಲಿ ಮಲಗಿ ಫೋನಲ್ಲಿ ಲೆಕ್ಕ ಹಾಕಿದೆ.

ನಾವು ನೋಡಿದ್ದ ಸಾಧಾರಣ ಎರಡು ರೂಮಿನ ಫ್ಲಾಟ್ 70 ಲಕ್ಷ. ಹೊಲದ ಹದಿನೈದು ಹಾಕಿದರೆ ಸಾಲ 55 ಲಕ್ಷ. ಬಡ್ಡಿ ಎಂಟೂವರೆ ಪರ್ಸೆಂಟ್ ಅಂತ ಇಟ್ಟುಕೊಂಡರೆ ಇಪ್ಪತ್ತು ವರ್ಷ ತಿಂಗಳಿಗೆ ಸುಮಾರು 47,700 ಕಂತು. ನೋಂದಣಿ ಖರ್ಚು ಬೇರೆ. ಈಗ ನಾನು ಕೊಡುತ್ತಿರೋದು ಬಾಡಿಗೆ, ಮೇಂಟೆನೆನ್ಸ್ ಸೇರಿ 16,500. ತಿಂಗಳಿಗೆ 31 ಸಾವಿರ ವ್ಯತ್ಯಾಸ.

ಇದಕ್ಕೆ ಇನ್ನೊಂದು ಮುಖ ಇದೆ, ಅದನ್ನೂ ಹಾಕಿದೆ. ಬಾಡಿಗೆ ವರ್ಷಕ್ಕೆ ಐದು ಪರ್ಸೆಂಟ್ ಏರುತ್ತಾ ಹೋದರೆ ಹತ್ತು ವರ್ಷಕ್ಕೆ 15,000 ಅನ್ನೋದು 24,400 ಆಗುತ್ತೆ. ಕೊನೆಗೆ ಕೈಯಲ್ಲಿ ಮನೆ ಇರೋದಿಲ್ಲ, ರಸೀದಿ ಮಾತ್ರ. ಓನರ್ ಎರಡು ತಿಂಗಳ ನೋಟಿಸ್ ಕೊಟ್ಟರೆ ಮತ್ತೆ ಟು-ಲೆಟ್ ಬೋರ್ಡು, ಮತ್ತೆ ಮನೆದೇವರ ಪ್ರಶ್ನೆ. ಈ ಭಯಕ್ಕೆ ಯಾವ ಎಕ್ಸೆಲ್ ಶೀಟಿನಲ್ಲೂ ಕಾಲಂ ಇಲ್ಲ.

ಆದರೆ ಐಟಿ ಕೆಲಸ ಇಪ್ಪತ್ತು ವರ್ಷ ಹೀಗೇ ಇರುತ್ತೆ ಅಂತ ನನಗೆ ಯಾರೂ ಬರೆದುಕೊಟ್ಟಿಲ್ಲ. ನಮ್ಮ ಟೀಮಲ್ಲೇ ಹೋದ ವರ್ಷ ಇಬ್ಬರು ಒಂದೇ ಮಧ್ಯಾಹ್ನ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಹೋದರು. ಕೆಲಸ ಹೋದರೆ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಬರಬಹುದು. 47,700ರ ಕಂತನ್ನು ಎಲ್ಲಿಗೂ ಹೊತ್ತುಕೊಂಡು ಹೋಗೋಕಾಗಲ್ಲ. ಜೊತೆಗೆ ಊರಲ್ಲಿ ಅರ್ಧ ಎಕರೆಯೂ ಇರೋದಿಲ್ಲ. ಅದೂ ರಸ್ತೆ ಪಕ್ಕದ್ದು, ಬೋರ್‌ವೆಲ್ ಇರುವ ಭಾಗ. ಅದು ಹೋದರೆ ಉಳಿದ ಒಂದೂವರೆ ಎಕರೆ ಮಳೆ ಕಾಯುತ್ತಾ ಕೂರಬೇಕು.

ಅಜ್ಜಿಯ ಲೆಕ್ಕ

ಬೆಳಿಗ್ಗೆ ಅಜ್ಜಿ ಆ ನಿದ್ದೆಯ ಪ್ರಶ್ನೆ ಕೇಳಿದ್ದು ಇದೇ ಹೊತ್ತಿನಲ್ಲಿ. ರಾತ್ರಿ ನನ್ನ ಫೋನಿನ ಬೆಳಕು ಆರದೇ ಇದ್ದದ್ದನ್ನು ನೋಡಿದ್ದಳು ಅನ್ನಿಸುತ್ತೆ. ನಾನು ನಕ್ಕಿದ್ದಕ್ಕೆ ಅವಳು ಎಲೆ ಮಡಿಸುತ್ತಾ ಒಂದು ವಿಷಯ ಹೇಳಿದಳು. ಅದುವರೆಗೆ ಯಾವತ್ತೂ ಹೇಳಿರಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಅವರಿಗೆ ಮನೆ ಇರಲಿಲ್ಲವಂತೆ. ತಾತ ಕೆಲಸ ಮಾಡುತ್ತಿದ್ದ ಜಮೀನಿನವರ ದನದ ಕೊಟ್ಟಿಗೆ ಪಕ್ಕ ಒಂದು ಗುಡಿಸಲು. ಅದಕ್ಕೆ ಬಾಡಿಗೆ ಇರಲಿಲ್ಲ, ಬದಲಿಗೆ ಯಾವ ಹೊತ್ತಲ್ಲಿ ಕರೆದರೂ ಹೋಗಬೇಕಿತ್ತು. "ನಡುರಾತ್ರಿಲಿ ಕರೀತಿದ್ರು ಕನ ಮಗ. ದನ ಈದದ ಬಾ, ನೀರು ಕಟ್ಟು ಬಾ. ನಿದ್ದ ಅಂಬೋದೇ ಇರ್ನಿಲ್ಲ." ಆಮೇಲೆ ದೇವರಾಜ ಅರಸರ ಕಾಲದಲ್ಲಿ ಜನತಾ ಮನೆ ಬಂತು. ಈಗ ನಾವು ಕೂತಿದ್ದ ಮನೆ ಅದೇ. ಒಂದು ಕೋಣೆ, ಹೆಂಚಿನ ಮಾಡು. ಮೊದಲ ರಾತ್ರಿ ಒಳಗಿಂದ ಅಗುಳಿ ಹಾಕಿಕೊಂಡು ಮಲಗಿದಾಗ ಬೆಳಿಗ್ಗೆ ಬಿಸಿಲು ಮುಖಕ್ಕೆ ಬೀಳುವವರೆಗೂ ಎಚ್ಚರ ಆಗಲಿಲ್ಲವಂತೆ.

ಹಾಗಾದರೆ ಅವಳು ಕೇಳಿದ್ದು ಹಂಗಿಸೋಕೆ ಅಲ್ಲ. ಮನೆ ಯಾರ ಹೆಸರಲ್ಲಿದೆ ಅನ್ನೋದೂ ಅವಳ ಪ್ರಶ್ನೆ ಅಲ್ಲ.

"ನಿನ್ನ ಅಲ್ಲಿ ಯಾರಾರು ನಡುರಾತ್ರಿಲಿ ಕರ್ದರಾ?" ಅಂದಳು.

ಆಫೀಸಿನವರು ಕರೀತಾರೆ ಅಂತ ಬಾಯಿಗೆ ಬಂತು. ಪ್ರೊಡಕ್ಷನ್ ಡೌನ್ ಆದರೆ ರಾತ್ರಿ ಎರಡಕ್ಕೂ ಕಾಲ್ ಬರುತ್ತೆ. ಅದನ್ನು ನುಂಗಿಕೊಂಡು "ಮನೆಯವರು ಯಾರೂ ಕರೆಯಲ್ಲ ಅಜ್ಜಿ" ಅಂದೆ.

"ನೀನು ಯಾರು ಅಂತ ಕೇಳರಾ?"

"ಇಲ್ಲ. ಕಸ ಬೇರೆ ಮಾಡಿ ಹಾಕು ಅಂತಾರೆ ಅಷ್ಟೇ."

ಅಜ್ಜಿಗೆ ಈಗ ನಗು ಬಂತು. "ಅಂಗಾರ ಇರು ಅಲ್ಲೇ. ಹೊಲ ಯಾಕ ಮಾರೀಯ?"

ಮಧ್ಯಾಹ್ನ ಅಪ್ಪನ ಜೊತೆ ಹೊಲಕ್ಕೆ ಹೋದೆ. ಅರಿಶಿನ ಸೊಂಟದೆತ್ತರ ನಿಂತಿತ್ತು. ಮೋಡ ಇರಲಿಲ್ಲ, ತೆಂಕಣಕ್ಕೆ ನೀಲಗಿರಿಯ ಗೆರೆ ಕಾಣುತ್ತಿತ್ತು. ಮಾರೋದು ಬೇಡ ಅಂದೆ. ಅಪ್ಪ ತಕ್ಷಣ ಒಪ್ಪಲಿಲ್ಲ. "ನಾಳ ನಿನ್ಗ ಹೆಣ್ಣು ಕೊಡೋರು ಮನ ಕೇಳ್ತರ" ಅಂದರು. ಅದೂ ನಿಜವೇ, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬದಲಿಗೆ ಒಂದು ಮಾತು ಕೊಟ್ಟೆ. ಈ ಜನತಾ ಮನೆ ಹಿಂದೆ ಖಾಲಿ ಇರುವ ಜಾಗದಲ್ಲಿ ಆರ್‌ಸಿಸಿ ಹಾಕಿ ಒಂದು ರೂಮು, ಒಂದು ಬಾತ್‌ರೂಮು ಕಟ್ಟಿಸೋಣ. ಕಂತು ಕಟ್ಟದೇ ಉಳಿಯುವ ದುಡ್ಡಲ್ಲಿ ಒಂದು ವರ್ಷದೊಳಗೆ ಆಗುತ್ತೆ. ಅಜ್ಜಿ ರಾತ್ರಿ ಹೊತ್ತು ಅಂಗಳ ದಾಟಿ ಹೋಗೋದು ತಪ್ಪುತ್ತೆ.

ಅಪ್ಪ ಒಂದು ಅರಿಶಿನದ ಗಿಡದ ಬುಡ ಕೆದಕಿ, ಗೆಡ್ಡೆ ಎಷ್ಟು ಬಲಿತಿದೆ ಅಂತ ನೋಡಿ, ಮತ್ತೆ ಮಣ್ಣು ಮುಚ್ಚಿದರು. "ಆ ಅರವತ್ತು ಸಾವಿರ ಇನ್ನೂ ಅಲ್ಲೇ ಅದಾ?" ಅಂದರು.

"ಅಲ್ಲೇ ಇದೆ ಅಪ್ಪ. ಖಾಲಿ ಮಾಡಿದಾಗ ಬರುತ್ತೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡೀತಾರೆ."

"ಬಣ್ಣ ನಾನೇ ಬಂದು ಬಳೀತಿನಿ ಅಂತ ಹೇಳು" ಅಂದರು. ತಮಾಷೆಗೆ ಹೇಳಿದ್ದಲ್ಲ.

ರಜೆ ಮುಗಿಸಿ ಹೊರಟಾಗ ಅವ್ವ ಒಂದು ಗೊನೆ ಏಲಕ್ಕಿ ಬಾಳೆಯನ್ನು ಗೋಣಿಚೀಲದಲ್ಲಿ ಕಟ್ಟಿಕೊಟ್ಟಳು. ಚಾಮರಾಜನಗರದಿಂದ ಮೈಸೂರು, ಮೈಸೂರಿಂದ ಬೆಂಗಳೂರು, ಕೊನೆಗೆ ಮೆಟ್ರೋದಲ್ಲಿ ಆ ಚೀಲವನ್ನು ತೊಡೆ ಮೇಲೆ ಇಟ್ಟುಕೊಂಡು ಬಂದೆ. ಲಿಫ್ಟ್ ಎಂದಿನಂತೆ ಕೆಟ್ಟಿತ್ತು. ಮೂರನೇ ಮಹಡಿ ಹತ್ತಿ, ಒಡಿಶಾದ ಅಕ್ಕನಿಗೆ ಒಂದು ಚಿಪ್ಪು, ಕಲಬುರಗಿ ಹುಡುಗರಿಗೆ ಒಂದು ಚಿಪ್ಪು, ಮ್ಯಾನೇಜರಿಗೆ ಅಂತ ಒಂದು ತೆಗೆದಿಟ್ಟೆ. ತಂಗಿ ನೈಟ್ ಡ್ಯೂಟಿಗೆ ಹೋಗಿದ್ದಳು. ಹಾಲಿನಲ್ಲಿ ಚಾಪೆ ಹಾಸಿ ಮಲಗಿದೆ. ಡಕ್ಟಿನಲ್ಲಿ ಯಾರದೋ ನಲ್ಲಿ ತೊಟ್ಟಿಕ್ಕುತ್ತಿತ್ತು.

ಎಷ್ಟು ಹೊತ್ತಿಗೆ ನಿದ್ದೆ ಬಂತೋ ಗೊತ್ತಾಗಲಿಲ್ಲ. ಬೆಳಿಗ್ಗೆ ಎಚ್ಚರ ಆದಾಗ ಎಂಟೂವರೆ. ಸ್ಟ್ಯಾಂಡ್-ಅಪ್ ಮೀಟಿಂಗಿಗೆ ಅರ್ಧ ಗಂಟೆ ಇತ್ತು. ನಲ್ಲಿಯಲ್ಲಿ ನೀರೂ ಇತ್ತು.